ಟ್ಯಾಂಕಿನ ಪಕ್ಕದ ಗಿಡ

ಫೆಬ್ರವರಿ 16, 1987

ಅಕ್ಕಾ,

ನಿನ್ನ ಕಣ್ಣಿನ ಆಪರೇಷನ್ ಮುಗಿಯಿತೆಂದು ಆಸ್ಪತ್ರೆಯವರ ಕಾರ್ಡು ಬಂತು. ಪಟ್ಟಿ ಬಿಚ್ಚುವವರೆಗೆ ನಿನಗೆ ಬಂದ ಪತ್ರಗಳನ್ನು ವಾರ್ಡಿನ ಸಿಸ್ಟರ್ ಓದಿ ಹೇಳುತ್ತಾರೆ, ನೀನು ಹೇಳಿದ್ದನ್ನು ಅವರೇ ಬರೆದು ಕಳಿಸುತ್ತಾರೆ ಎಂದೂ ಅದರಲ್ಲಿತ್ತು. ಆದ್ದರಿಂದ ಬೈಯುವುದಿದ್ದರೆ ಸ್ವಲ್ಪ ಮರ್ಯಾದೆಯಿಂದ ಬೈಯಿ. ಅವರು ನನ್ನನ್ನು ನೋಡಿಲ್ಲ, ಒಳ್ಳೆಯ ಅಭಿಪ್ರಾಯವಾದರೂ ಉಳಿಯಲಿ.

ನಿನ್ನ ಮನೆ ಸರಿಯಾಗಿದೆ. ತಲೆನೋವೆಲ್ಲ ತೋಟದ್ದೇ. ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಎರಡು ಬೀದಿ ದಾಟಿ ಬಂದು ನೀರು ಹಾಕುತ್ತಿದ್ದೇನೆ. ಯಾವುದಕ್ಕೆ ಹಾಕಬೇಕು, ಯಾವುದನ್ನು ಕೀಳಬೇಕು ಎಂದು ಯಾರಿಗೆ ಗೊತ್ತು? ಬೇರೆಯವರ ತೋಟದಲ್ಲಿ ಹೂವಿನ ಗಿಡ ಒಂದು ಕಡೆ, ಕಳೆ ಒಂದು ಕಡೆ. ನೀನು ಕಳೆಯನ್ನೇ ಕುಂಡದಲ್ಲಿಟ್ಟು ಸಾಕಿದ್ದೀಯ. ನಿನ್ನೆ ಬಾವಿಕಟ್ಟೆಯ ಹತ್ತಿರ ಹುಲ್ಲಿನಂತಿದ್ದ ಒಂದನ್ನು ಕಿತ್ತು ಹಾಕಿದೆ. ಪಕ್ಕದ ಮನೆಯ ಟೈಲರಮ್ಮ ಮಷೀನು ನಿಲ್ಲಿಸಿ, ಗೋಡೆಯ ಮೇಲಿಂದ ತಲೆ ಹಾಕಿ, "ಅದು ನಿಮ್ಮಕ್ಕ ಎರಡು ವರ್ಷದಿಂದ ಕಾಪಾಡ್ಕೊಂಡು ಬಂದಿರೋದು ಕಣ್ರೀ" ಅಂದರು. ಏನು ಗಿಡ ಎಂದರೆ ಅವರಿಗೂ ಗೊತ್ತಿಲ್ಲ. ಮತ್ತೆ ನೆಟ್ಟಿದ್ದೇನೆ, ಬಾಡಿ ನಿಂತಿದೆ.

ನನ್ನ ಲಿಫ್ಟ್ ರಿಪೇರಿ ಕೆಲಸದಲ್ಲಿ ಈ ಗೊಂದಲ ಇಲ್ಲ. ಪ್ರತಿ ವೈರಿನ ತುದಿಗೂ ಒಂದು ನಂಬರು ಇರುತ್ತದೆ. ಬೀಜ ಪರೀಕ್ಷಾ ಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ಕೂತು ಒಂದೊಂದು ಕಾಳಿಗೂ ಹೆಸರು ಬರೆದವಳು ನೀನು. ಮನೆಯ ಗಿಡಗಳಿಗೆ ಒಂದು ಚೀಟಿ ಕಟ್ಟಬಾರದಿತ್ತೆ? ಹೊರಡುವಾಗ ಬಸ್ಸಿನ ಕಿಟಕಿಯಿಂದ "ಟ್ಯಾಂಕಿನ ಪಕ್ಕದ ಗಿಡ ಜೋಪಾನ" ಅಂದೆ. ಟ್ಯಾಂಕಿನ ಪಕ್ಕ ಹನ್ನೊಂದು ಗಿಡಗಳಿವೆ. ಅವುಗಳಲ್ಲಿ ಯಾವುದು ಎಂದು ಬರೆಸು.

ನಿನ್ನ ತಮ್ಮ


ಫೆಬ್ರವರಿ 25

ತಮ್ಮಾ,

ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸು. ಹತ್ತು ಗಿಡ ಸಲೀಸಾಗಿ ಹೊರಳುತ್ತವೆ, ಒಂದು ತಡೆದು ತಡೆದು ಹೊರಳುತ್ತದೆ. ಅದರ ಕಾಂಡ ಚೌಕ, ಎಲೆಗಳು ಎದುರುಬದುರು. ಅದೇ ಗಿಡ. ಉಳಿದ ಹತ್ತು ಸತ್ತರೂ ನಾನು ನಿನ್ನನ್ನು ಏನೂ ಅನ್ನುವುದಿಲ್ಲ.

ಯಾಕೆಂದು ಹೇಳುತ್ತೇನೆ, ಸಿಸ್ಟರ್ ಕೂಡ ಕೇಳುತ್ತಿದ್ದಾರೆ. ನಾನು ನಿವೃತ್ತಳಾಗುವ ವರ್ಷ ಪರೀಕ್ಷೆಗೆ ಬಂದ ಜೋಳದ ಬೀಜದಲ್ಲಿ ಒಂದು ಹೊರಗಿನ ಕಾಳು ಸಿಕ್ಕಿತು. ಸಾಸಿವೆಯಷ್ಟು ದಪ್ಪ, ಮೂರು ಏಣು, ತುದಿಯಲ್ಲಿ ಸಣ್ಣ ಕಚ್ಚು. ನಮ್ಮ ಪುಸ್ತಕಗಳಲ್ಲಿಲ್ಲ, ಬಾಟಲಿಗಳಲ್ಲಿಲ್ಲ. ಇನ್ನೂ ಮೂರು ಕೇಂದ್ರಗಳಿಗೆ ಚಿತ್ರ ಬರೆದು ಕಳಿಸಿದೆ, ಅವರೂ ಕೈ ಚೆಲ್ಲಿದರು. ಮೇಲಿನವರು ಅದನ್ನು "ಇತರೆ" ಎಂದು ಬರೆದು ಕಡತ ಮುಚ್ಚಿದರು. ನಾನು ಅದನ್ನು ಬೆಂಕಿಪೊಟ್ಟಣದಲ್ಲಿ ಮನೆಗೆ ತಂದು ಬಿತ್ತಿದೆ. ಇಷ್ಟು ವರ್ಷದಲ್ಲಿ ಹೆಸರು ಹೇಳಲಾಗದೆ ನಾನು ಸೋತದ್ದು ಆ ಒಂದು ಕಾಳಿಗೆ. ಹೋದ ಎರಡು ವರ್ಷ ಮೊಗ್ಗು ಕಟ್ಟಿ ಉದುರಿತು. ಹೂ ಬಿಡದೆ ಹೆಸರು ಸಿಗುವುದಿಲ್ಲ.

ಒಂದು ಅನುಮಾನ ಮಾತ್ರ ಇದೆ. ಕಾಡುತುಂಬೆ ಹೂ ಬಿಡುವ ಮೊದಲು ಹೀಗೇ ಕಾಣುತ್ತದೆ, ಅದರ ಹೂ ಬಿಳಿ. ಅದರ ಕಾಳು ಬಲಿಯುವಾಗ ರೂಪ ಕೆಟ್ಟರೆ ನನಗೂ ಗುರುತು ಸಿಗದು. ಇದೂ ಅದೇ ಆಗಿಬಿಟ್ಟರೆ ಮೂರು ವರ್ಷ ನೀರೆರೆದು ಹೊಲದ ಕಳೆ ಸಾಕಿದ ಹಾಗಾಯಿತು. ಬೇರೆ ಯಾವ ಬಣ್ಣವಾದರೂ ಆಗಲಿ, ನಾನು ಗೆದ್ದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡು, ಬಿಟ್ಟ ದಿನವೇ ಬರಿ. ಉಳಿದ ಗಿಡಗಳ ಬಣ್ಣವನ್ನೂ ಬರಿ, ಎಲ್ಲದರದ್ದೂ. ಪಟ್ಟಿಯ ಒಳಗೆ ಒಂದೇ ಬಣ್ಣ, ಸಾಕಾಗಿ ಹೋಗಿದೆ.

ಅಕ್ಕ


ಮಾರ್ಚ್ 14

ಅಕ್ಕಾ,

ಗಿಡ ಸಿಕ್ಕಿತು. ಬೆರಳಿಗೆ ತಕ್ಷಣ ತಿಳಿಯಿತು, ಚೌಕದ ಕೀಲಿಗೆ ಕೈಹಾಕಿದಂತೆ. ಬೆಳೆದಿದೆ, ನನ್ನ ಮೊಣಕಾಲಿನವರೆಗೆ ಬಂದಿದೆ. ಮೊಗ್ಗು ಇನ್ನೂ ಇಲ್ಲ.

ನೀನು ಕೇಳಿದ ಬಣ್ಣಗಳು. ಗೇಟಿನ ಹತ್ತಿರ ಮೂರೆಲೆಯ ಹುಳಿಸೊಪ್ಪು, ಹೂ ಹಳದಿ. ಮೆಟ್ಟಿಲ ಕೆಳಗೆ ಮುಟ್ಟಿದರೆ ಮುದುಡುವ ಮುಳ್ಳುಗಿಡ, ಉಂಡೆ ಉಂಡೆ ಹೂ, ಬೂದು ನೀಲಿ. ಬೇಲಿಗೆ ಹಬ್ಬಿರುವ ತೊಂಡೆಯಲ್ಲಿ ಕಾಯಿ ಬಹಳ ಇದೆ, ಹಣ್ಣು ಒಂದೂ ಇಲ್ಲ. ಟೈಲರಮ್ಮ ಬಾಯಿ ತುಂಬ ಮಾತಾಡುತ್ತಾರೆ, ನನಗೆ ಡ್ಯೂಟಿಗೆ ತಡವಾಗುತ್ತದೆ. ಪಟ್ಟಿ ಯಾವಾಗ ಬಿಚ್ಚುತ್ತಾರೆ?

ತಮ್ಮ


ಮಾರ್ಚ್ 22

ತಮ್ಮಾ,

ನೋಡದೆ ಬರೆಯುವುದಾದರೆ ಬರೆಯಲೇಬೇಡ. ಮುಟ್ಟಿದರೆ ಮುನಿಗೆ ನೀಲಿ ಹೂವೆ? ಭೂಮಿ ಹುಟ್ಟಿದಾಗಿನಿಂದ ಅದರದ್ದು ಗುಲಾಬಿ. ತೊಂಡೆಯಲ್ಲಿ ಹಣ್ಣಿಲ್ಲ ಎಂದೆ. ಟೈಲರಮ್ಮ ಅದೇ ವಾರ ಬರೆದ ಕಾರ್ಡಿನಲ್ಲಿ, ಬೇಲಿ ತುಂಬ ಕೆಂಪು ಹಣ್ಣು, ಹಕ್ಕಿಗಳಿಗೆ ಸುಗ್ಗಿ ಎಂದಿದೆ. ಹಾಸಿಗೆಯಲ್ಲಿ ಕೂತು ಮನಸ್ಸಿಗೆ ಬಂದದ್ದು ಗೀಚಿ ಕಳಿಸಿದ್ದೀಯ. ಸಣ್ಣವನಿದ್ದಾಗಲೂ ಹೀಗೇ ಮಾಡುತ್ತಿದ್ದೆ, ಹಾರಿಕೆಯ ಉತ್ತರ. ನಾನು ಇಲ್ಲಿ ನಿನ್ನ ಪತ್ರವನ್ನು ಮೂರು ಮೂರು ಸಲ ಓದಿಸಿಕೊಳ್ಳುತ್ತೇನೆ ಎಂಬ ಪರಿವೆಯಾದರೂ ಇರಲಿ.

ಪಟ್ಟಿ ಇನ್ನೂ ಸ್ವಲ್ಪ ದಿನ ಇರುತ್ತದಂತೆ.

ಅಕ್ಕ

(ಇಷ್ಟು ಜೋರಾಗಿ ಬೇಡ ಎಂದು ನಾನು ಹೇಳಿದೆ. ಹೇಳಿದ್ದನ್ನು ಬರೆಯಿರಿ ಎಂದರು. — ಸಿಸ್ಟರ್)


ಏಪ್ರಿಲ್ 5

ಅಕ್ಕಾ,

ಅರ್ಧ ಗಂಟೆ ಆ ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತು ನೋಡಿ ಬರೆದದ್ದು ಅದು. ಹೋಗಲಿ ಬಿಡು. ಕೆಲಸ ಮಾಡಿದವನಿಗೆ ಬೈಗುಳ, ಮಾಡದವನಿಗೆ ಹೊಗಳಿಕೆ.

ಈ ಸಲ ಸರಿಯಾಗಿ ಬರೆಯುತ್ತೇನೆ. ಮುಟ್ಟಿದರೆ ಮುನಿ, ನಸುಗೆಂಪು ಗುಲಾಬಿ, ತುದಿ ಸ್ವಲ್ಪ ಬಿಳಿಚು. ತೊಂಡೆಹಣ್ಣು ಇಪ್ಪತ್ಮೂರು, ಕಡುಗೆಂಪು. ಕುಂಡದ ಕಳೆಯಲ್ಲಿ ನೇರಳೆ ಹೂ ಬಂದಿದೆ, ಬದನೆಕಾಯಿ ನೇರಳೆಯಲ್ಲ, ಅದಕ್ಕಿಂತ ಒಂದು ಬಣ್ಣ ತಿಳಿ.

ಟ್ಯಾಂಕಿನ ಪಕ್ಕದ ಗಿಡ ಮೊಗ್ಗು ಕಟ್ಟಿದೆ. ಒಂಬತ್ತು ಎಣಿಸಿದೆ. ಬಿಸಿಲು ಹೆಚ್ಚಾಗದಿರಲಿ ಎಂದು ಹಳೆಯ ಗೋಣಿಚೀಲ ಅಡ್ಡ ಕಟ್ಟಿದ್ದೇನೆ.

ತಮ್ಮ


ಏಪ್ರಿಲ್ 13

ತಮ್ಮಾ,

ಈಗ ನಿನಗೆ ಕಣ್ಣು ಬಂತು. "ಒಂದು ಬಣ್ಣ ತಿಳಿ" ಎಂಬ ಮಾತು ಎಲ್ಲಿ ಕಲಿತೆಯೋ, ಸಿಸ್ಟರ್ ಓದಿದಾಗ ಆ ಕುಂಡ ಎದುರಿಗೇ ಬಂದಂತಾಯಿತು. ಇನ್ನೂ ಬರಿ. ಒಂಬತ್ತು ಮೊಗ್ಗು! ಊಟ ಸೇರುತ್ತಿಲ್ಲ. ಯಾವ ಬಣ್ಣ ಎಂದು ಅದೊಂದೇ ಯೋಚನೆ.

ಅಕ್ಕ


ಏಪ್ರಿಲ್ 20

ಅಕ್ಕಾ,

ನಿನ್ನೆ ಬೆಳಿಗ್ಗೆ ಮೊದಲ ಹೂ ಬಿಟ್ಟಿತು. ಇವತ್ತು ಇನ್ನೆರಡು. ಎರಡು ದಿನ ನೋಡಿದೆ, ಬಿಸಿಲಲ್ಲಿ ನೋಡಿದೆ, ನೆರಳಲ್ಲಿ ನೋಡಿದೆ. ಹೇಳಲು ಮನಸ್ಸು ಬರುತ್ತಿಲ್ಲ. ಬಿಳಿ.

ತಮ್ಮ


ಏಪ್ರಿಲ್ 27

ತಮ್ಮಾ,

ಹಾಗಾದರೆ ಕಾಡುತುಂಬೆ. ಕಿತ್ತುಬಿಡು, ಬೇರು ಸಮೇತ. ಕಾಳು ಬಲಿತರೆ ಅಕ್ಕಪಕ್ಕದ ಮನೆಗಳಿಗೂ ಹರಡುತ್ತದೆ, ಒಂದೊಂದು ಗಿಡಕ್ಕೆ ಸಾವಿರಾರು ಕಾಳು.

ಹೆಚ್ಚು ಬರೆಸಲಾರೆ.

ಅಕ್ಕ


ಮೇ 3

ಅಕ್ಕಾ,

ಇವತ್ತು ಬೆಳಿಗ್ಗೆ ಕಿತ್ತೆ. ಬೇರು ಮೊಣಕೈಯುದ್ದ ಹೋಗಿತ್ತು, ಪೂರ್ತಿ ಬಂತು. ಬೀದಿಯ ಕಸದ ತೊಟ್ಟಿಗೆ ಹಾಕಿ ಬಂದೆ. ನೀನು ಬೇಜಾರು ಮಾಡಿಕೊಳ್ಳಬೇಡ. ಕಾಳೇ ಹಾಗಿತ್ತು, ನಿನ್ನ ತಪ್ಪೇನು?

ತಮ್ಮ


ಮೇ 6

ಅಕ್ಕಾ,

ಇದನ್ನು ಓದುತ್ತಿರುವ ಸಿಸ್ಟರ್ ಅವರಲ್ಲಿ ಮೊದಲು ಒಂದು ವಿನಂತಿ. ದಯವಿಟ್ಟು ಮೆತ್ತಗೆ ಓದಿ. ಆ ವಾರ್ಡಿನಲ್ಲಿ ಎಲ್ಲರ ಕಣ್ಣು ಕಟ್ಟಿರಬಹುದು, ಕಿವಿ ಕಟ್ಟಿಲ್ಲ. ಇದು ಹೊರಗೆ ಬಿದ್ದರೆ ನನ್ನ ಕೆಲಸ ಹೋಗುತ್ತದೆ. ನಿವೃತ್ತಿಗೆ ಇನ್ನು ಮೂರೇ ವರ್ಷ.

ಟೈಲರಮ್ಮ ಎರಡು ವಾರ ತಂಗಿಯ ಮನೆಗೆ ಹೋಗಿದ್ದರು. ಹೋದ ಬುಧವಾರ ವಾಪಸು ಬಂದವರು ಗೋಡೆಯಾಚೆಯಿಂದ ಆ ಹೂವನ್ನು ನೋಡಿದ್ದಾರೆ. ಯಾರದೋ ಮಗುವಿನ ಫ್ರಾಕಿಗೆ ಅದೇ ಬಣ್ಣದ ನೂಲು ಹಾಕಬೇಕೆಂದು ಅಂಗಡಿಯಿಂದ ತಂದು, ನಿನ್ನೆ ಹೂವಿನ ಪಕ್ಕ ಹಿಡಿದು ನೋಡಲು ಬಂದರು. ಗಿಡ ಇಲ್ಲ. ನಾನು ಕಿತ್ತೆ ಎಂದೆ, ಅದು ಬರೀ ಬಿಳಿ ಹೂವಿನ ಕಳೆ ಎಂದೆ.

"ಬಿಳಿನಾ?" ಅಂದರು. ನೂಲಿನ ಉಂಡೆ ನನ್ನ ಮುಖದ ಮುಂದೆ ಹಿಡಿದರು. "ಇದು ಬಿಳಿನಾ ನಿಮ್ಗೆ?"

ನನಗೆ ಅದು ಬಿಳಿಯೇ. ಅದು ತಿಳಿ ಗುಲಾಬಿ ಎಂದು ಅವರು ಹೇಳಿದರು.

ಅಕ್ಕಾ, ನನಗೆ ಕೆಂಪು, ಹಸಿರು, ಕಂದು ಒಂದರೊಳಗೊಂದು ಕಲಸಿಕೊಂಡು ಕಾಣುತ್ತವೆ. ಗುಲಾಬಿ ಕಾಣುವುದೇ ಇಲ್ಲ. ಹುಟ್ಟಿನಿಂದಲೂ ಹೀಗೆ. ಎರಡನೇ ಕ್ಲಾಸಿನಲ್ಲಿ ನಾನು ಆಡಿನ ಚಿತ್ರಕ್ಕೆ ಹಸಿರು ಬಣ್ಣ ಹಚ್ಚಿ ತಂದಾಗ ನೀನು ಅದನ್ನು ಓಣಿಗೆಲ್ಲ ತೋರಿಸಿ ನಕ್ಕೆ. ಅವತ್ತಿನಿಂದ, ಬಣ್ಣದ ಮಾತು ಬಂದರೆ ಬೇರೆಯವರು ಮೊದಲು ಹೇಳಲಿ ಎಂದು ಕಾಯುವುದನ್ನು ಕಲಿತೆ. ಕೆಲಸಕ್ಕೆ ಸೇರುವಾಗ ಕಣ್ಣಿನ ಪರೀಕ್ಷೆಗೆ, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿಸಿದ ಪುಸ್ತಕ ತೋರಿಸುತ್ತಿದ್ದರು. ಸಾಲಿನಲ್ಲಿ ನನ್ನ ಮುಂದಿದ್ದವನು ಹೇಳಿದ ಅಂಕಿಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದೆ. ಮೂವತ್ತೊಂದು ವರ್ಷದಿಂದ ಮೀಟರ್ ಇಟ್ಟು ನೋಡದೆ ಒಂದು ವೈರು ಮುಟ್ಟಿಲ್ಲ. ಜೊತೆಯವರು ಮೀಟರಪ್ಪ ಎಂದು ಕರೆಯುತ್ತಾರೆ. ಅದನ್ನು ಜಾಗ್ರತೆ ಎಂದುಕೊಂಡಿದ್ದಾರೆ, ನನಗೆ ಅದು ಹೆದರಿಕೆ.

ನೀನು ಮಾರ್ಚಿನಲ್ಲಿ ಬೈದ ಮೇಲೆ ಒಂದು ಉಪಾಯ ಹೂಡಿದೆ. ಟೈಲರಮ್ಮನ ಹತ್ತಿರ ಹೋಗಿ, ಈ ಹೂವಿಗೆ ಎಂಥ ನೂಲು ಹೊಂದುತ್ತದೆ ಎಂದು ಲೋಕಾಭಿರಾಮವಾಗಿ ಕೇಳುವುದು, ಅವರು ಹೇಳಿದ್ದನ್ನು ನಿನಗೆ ಬರೆಯುವುದು. ನೀನು ಮೆಚ್ಚಿದ "ಒಂದು ಬಣ್ಣ ತಿಳಿ" ಅವರದ್ದು. ಆ ಹೂ ಬಿಟ್ಟಾಗ ಅವರು ಊರಲ್ಲಿರಲಿಲ್ಲ. ಒಂದು ವಾರ ಕಾಯಬಹುದಿತ್ತು. ಗೊತ್ತಾಗುತ್ತಿಲ್ಲ ಎಂದು ಬರೆಯಬಹುದಿತ್ತು. ಕೈ ಬರಲಿಲ್ಲ. ನೀನು ಊಟ ಬಿಟ್ಟು ಕಾಯುತ್ತಿದ್ದೆ, ನನಗೂ ಒಮ್ಮೆ ನಾನೇ ನೋಡಿ ಹೇಳಬೇಕು ಎನ್ನಿಸಿತು.

ನಿನ್ನೆಯೇ ತೊಟ್ಟಿಗೆ ಓಡಿದೆ. ಸೋಮವಾರವೇ ಕಸದ ಗಾಡಿ ಬಂದು ಹೋಗಿತ್ತು. ಗುಂಡಿ ಕೆದಕಿ ಬೇರಿನ ಚೂರಾದರೂ ಇದೆಯೇ ಎಂದು ಹುಡುಕಿದೆ. ಜೀವಮಾನದಲ್ಲಿ ಮೊದಲ ಸಲ ನಿನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದೆ, ಏನೂ ಉಳಿದಿಲ್ಲ.

ತಮ್ಮ


ಜೂನ್ 9

ಅಕ್ಕಾ,

ಒಂದು ತಿಂಗಳ ಮೇಲಾಯಿತು. ಪೋಸ್ಟಿನವನನ್ನು ಕೇಳಿ ಕೇಳಿ ಅವನೀಗ ನನ್ನನ್ನು ಕಂಡರೆ ಸೈಕಲ್ ತಿರುಗಿಸುತ್ತಾನೆ. ಬೈದು ಒಂದು ಕಾರ್ಡು ಹಾಕು. ಬರೀ ಬೈಗುಳದ ಕಾರ್ಡಾದರೂ ಸರಿ. ಗೋಡೆಗೆ ಪತ್ರ ಬರೆದಂತೆ ಎಷ್ಟು ದಿನ ಬರೆಯಲಿ? ನಿನಗೆ ಕೋಪ ಬಂದಿದ್ದರೆ ನನಗೂ ಬಂದಿದೆ. ಐವತ್ತೈದು ವರ್ಷದ ಮಾತನ್ನು ಹೊರಗೆ ಹಾಕಿದ್ದೇನೆ, ಅದಕ್ಕೊಂದು ಹೂಂ ಇಲ್ಲ, ಉಹೂಂ ಇಲ್ಲ.

ನಿನ್ನ ಗಿಡ ನಾನು ಕೊಂದೆ. ಬಣ್ಣ ಬಿಟ್ಟು ಅದರ ಉಳಿದದ್ದೆಲ್ಲ ನನ್ನ ಬೆರಳಿಗೆ ನೆನಪಿದೆ, ಲಿಫ್ಟ್ ಓಡಾಡುವ ಕತ್ತಲ ಶಾಫ್ಟಿನಲ್ಲಿ ನಟ್ಟು ಬೋಲ್ಟು ಗುರುತಿಸುವ ಬೆರಳು. ಬರೆದಿಡುತ್ತೇನೆ, ಬೇಕಾದರೆ ಓದಿಸಿಕೋ. ಹೂ ಕೊಳವೆಯಂತಿತ್ತು, ಕಿರುಬೆರಳ ಉಗುರಿನ ಎರಡರಷ್ಟು ಉದ್ದ. ಬಾಯಿ ಐದು ಭಾಗ, ಐದೂ ಸಮ, ನಲ್ಲಿಯ ವಾಷರಿನಂತೆ ಚಪ್ಪಟೆಯಾಗಿ ತೆರೆದಿತ್ತು. ಬುಡದ ಬಟ್ಟಲಿಗೆ ಐದು ಹಲ್ಲು, ಹಿಂದಕ್ಕೆ ಬಾಗಿ ಚರ್ಮಕ್ಕೆ ಕೊಕ್ಕೆ ಹಾಕುತ್ತಿದ್ದವು. ಎಲೆಯ ಮೇಲ್ಭಾಗ ನುಣುಪು, ಕೆಳಗೆ ಬೆಕ್ಕಿನ ನಾಲಿಗೆ. ಉಜ್ಜಿದರೆ ಹೊಸ ರಬ್ಬರಿನ ವಾಸನೆ.

ತಮ್ಮ


ಜೂನ್ 17

ಮಾನ್ಯರೇ,

ನಿಮ್ಮ ಅಕ್ಕನವರು ಪತ್ರ ಬರೆಸುತ್ತಿಲ್ಲ. ನಿಮ್ಮ ಕೊನೆಯ ಪತ್ರವನ್ನು ಮಾತ್ರ ದಿನಕ್ಕೊಮ್ಮೆ ಓದಿಸಿಕೊಳ್ಳುತ್ತಾರೆ, ಐದು ಸಮ ಭಾಗದ ಹತ್ತಿರ ನಿಲ್ಲಿಸಲು ಹೇಳುತ್ತಾರೆ. ನಿಮ್ಮ ಕೆಲಸದ ವಿಷಯ ನನ್ನಿಂದ ಹೊರಗೆ ಹೋಗುವುದಿಲ್ಲ. ಮತ್ತೊಂದು ಸಂಗತಿ ಅವರು ತಾವೇ ಹೇಳಬೇಕಾದದ್ದು, ನಾನು ಬರೆಯಲಾರೆ.

ಸಿಸ್ಟರ್


ಜುಲೈ 2

ತಮ್ಮಾ,

ಇದು ನನ್ನದೇ ಕೈಬರಹ. ಸಿಸ್ಟರ್ ಕಾಗದದ ಮೇಲೆ ಅಡ್ಡಲಾಗಿ ಒಂದು ಅಡಿಪಟ್ಟಿ ಇಟ್ಟು, ಸಾಲು ಮುಗಿದಾಗ ಕೆಳಗೆ ಸರಿಸಿ ಎಂದು ತೋರಿಸಿ ಹೋಗಿದ್ದಾರೆ. ಸಾಲಿನ ಮೇಲೆ ಸಾಲು ಹತ್ತಿದ್ದರೆ ಬಿಡಿಸಿಕೊಂಡು ಓದು. ಇದನ್ನು ಬೇರೆಯವರ ಕೈಯಲ್ಲಿ ಬರೆಸಲಾಗಲಿಲ್ಲ.

ಅದು ಕಾಡುತುಂಬೆಯಲ್ಲ. ಕಾಡುತುಂಬೆಯ ಹೂವಿಗೆ ಮೇಲೊಂದು ಕೆಳಗೊಂದು ಎರಡು ತುಟಿ. ಐದು ಸಮ ಭಾಗ ಎಂದು ನೀನು ಬರೆದ ಕ್ಷಣವೇ ಅದು ತಿಳಿಯಿತು. ಏನು ಎಂದು ಮಾತ್ರ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅದಕ್ಕಾಗಿ ಬಹಳ ಅತ್ತೆ. ನಿನ್ನ ಮೇಲೆ ಕೋಪ ಇದೆ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಆದರೆ ನನ್ನ ಮೇಲೆ ಅದಕ್ಕಿಂತ ಹೆಚ್ಚು ಕೋಪ ಇದೆ. ಕೇಂದ್ರಕ್ಕೆ ಹೊಸದಾಗಿ ಬಂದ ಹುಡುಗಿಯರಿಗೆ ಮೊದಲ ದಿನವೇ ನಾನು ಹೇಳುತ್ತಿದ್ದದ್ದು, ಬಣ್ಣ ನಂಬಬೇಡಿ ಎಂದು. ಬಲಿತಂತೆ ಬದಲಾಗುತ್ತದೆ, ಹಳತಾದಂತೆ ಬದಲಾಗುತ್ತದೆ. ಆಕಾರ ನೋಡಿ, ಅಂಚು ನೋಡಿ, ಬಣ್ಣ ಕೊನೆಗೆ. ಬಣ್ಣ ನೋಡಿ ಹೆಸರು ಬರೆದವಳೊಬ್ಬಳನ್ನು ಎಲ್ಲರೆದುರು ಅಳಿಸಿದ್ದೆ. ಅಂಥವಳು ನಿನಗೆ ಅಷ್ಟು ಪತ್ರ ಬರೆಸಿ, ಒಂದರಲ್ಲಾದರೂ ಆ ಹೂವಿನ ಆಕಾರ ಕೇಳಿದೆನೇ? ಬಿಳಿ ಎಂಬ ಒಂದು ಮಾತಿಗೆ ಕೀಳು ಎಂದೆ. ಕಿತ್ತವನು ನೀನು, ಕೀಳಿಸಿದವಳು ನಾನು.

ಯಾಕೆ ಕೇಳಲಿಲ್ಲ ಎಂದು ಈಗ ಹೇಳುತ್ತೇನೆ. ಪಟ್ಟಿಯನ್ನು ಮಾರ್ಚಿನಲ್ಲೇ ಬಿಚ್ಚಿದರು. ಬಿಚ್ಚಿದ ಮೇಲೂ ಏನೂ ಬದಲಾಗಲಿಲ್ಲ. ಮೇ ತಿಂಗಳಲ್ಲಿ ಇನ್ನೊಮ್ಮೆ ಆಪರೇಷನ್ ಮಾಡಿ ನೋಡಿದರು. ಕಿಟಕಿ ಯಾವ ಕಡೆ ಎಂದು ತಿಳಿಯುತ್ತದೆ, ಅಷ್ಟೇ. ಇನ್ನು ಇಷ್ಟೇ. ನಿನಗೆ ಪಟ್ಟಿ ಇದೆ ಎಂದು ಬರೆಸುತ್ತಾ ಹೋದೆ, ಆ ಸಿಸ್ಟರ್ ಪಾಪ ನನ್ನ ಸುಳ್ಳನ್ನು ಮುದ್ದಾದ ಅಕ್ಷರದಲ್ಲಿ ಬರೆದರು. ಆಕಾರ ಕೈಗೆ ಸಿಗುತ್ತದೆ, ವಾಸನೆ ಮೂಗಿಗೆ ಸಿಗುತ್ತದೆ. ಬಣ್ಣ ಇನ್ನು ಯಾರಾದರೂ ಹೇಳಿದರೆ ಮಾತ್ರ. ಅದು ಬೇಕಿತ್ತು ಕಣೋ ನನಗೆ, ಹಸಿದವಳಂತೆ ಬೇಕಿತ್ತು. ಕೇಳಲು ಈ ಲೋಕದಲ್ಲಿ ನನಗಿದ್ದವನು ನೀನೊಬ್ಬ. ನಿನ್ನ ಹತ್ತಿರ ಅದೊಂದನ್ನು ಬಿಟ್ಟು ಬೇರೆಲ್ಲ ಇತ್ತು.

ಆ ಆಡಿನ ಚಿತ್ರ ನನಗೆ ನೆನಪೇ ಇಲ್ಲ. ನಕ್ಕಿರಬೇಕು, ನನ್ನ ಬುದ್ಧಿಯೇ ಅಂಥದ್ದು. ನೀನು ಅಷ್ಟು ಸಣ್ಣವನಾಗಿದ್ದಾಗಿನಿಂದ ಒಬ್ಬನೇ ಬಾಯಿಪಾಠ ಮಾಡಿಕೊಂಡು ಬಂದೆ, ನಾನು ಒಂದು ದಿನವೂ ಗಮನಿಸಲಿಲ್ಲ.

ಹದಿನಾರಕ್ಕೆ ನನ್ನನ್ನು ಬಿಡುತ್ತಾರೆ. ನೀನೇ ಬಾ, ಬೇರೆ ಯಾರನ್ನೂ ಕಳಿಸಬೇಡ. ಬರುವ ಮೊದಲು ಒಂದು ಕೆಲಸ ಮಾಡು. ಗೇಟಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ, ಬಾಗಿಲಿನಿಂದ ನನ್ನ ಮಂಚಕ್ಕೆ ಎಷ್ಟು, ಅಲ್ಲಿಂದ ಬಚ್ಚಲಿಗೆ ಎಷ್ಟು, ಎಣಿಸಿಕೊಂಡು ಬಾ. ಇಷ್ಟು ವರ್ಷ ಅಲ್ಲೇ ಇದ್ದೂ ನನಗೆ ಗೊತ್ತಿಲ್ಲ. ಉದ್ದ ಹೆಜ್ಜೆ ಹಾಕಬೇಡ, ನನ್ನಂತೆ ಚಿಕ್ಕದಾಗಿ ಇಟ್ಟು ಎಣಿಸು. ಕಣ್ಣು ಮುಚ್ಚಿಕೊಂಡು ಎಣಿಸು.

ಅಕ್ಕ